ಕರಡು ತಿರಸ್ಕೃತವಾದ ಮೇಲೆ ಕೊಡಗಿನ ಮಣ್ಣು ನೀರಿನ ಲೆಕ್ಕ ಯಾರ ಕೈಯಲ್ಲಿದೆ?

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಆರನೆಯ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2024ರ ಜುಲೈ 31ರಂದು ಹೊರಡಿಸಿತು. ಅದರ ಹಿಂದಿನ ದಿನ ನಸುಕಿನಲ್ಲಷ್ಟೇ ಕೊಡಗಿಗೆ ತಾಗಿಕೊಂಡಿರುವ ವಯನಾಡು ಜಿಲ್ಲೆಯ ಮುಂಡಕ್ಕೈ ಮತ್ತು ಚೂರಲ್‌ಮಲೆಗಳು ಭೂಕುಸಿತದಲ್ಲಿ ಕೊಚ್ಚಿಹೋಗಿದ್ದವು. ಎರಡು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ 26ರಂದು, ಕರ್ನಾಟಕದ ಸಚಿವ ಸಂಪುಟ ಆ ಕರಡನ್ನು ತಿರಸ್ಕರಿಸಲು ತೀರ್ಮಾನಿಸಿತು. ಕೊಡಗಿನಲ್ಲಿ ಹಲವರು ನಿಟ್ಟುಸಿರು ಬಿಟ್ಟರು, ಕೆಲವರು ಆತಂಕಪಟ್ಟರು. ಆದರೆ ಈ ತೀರ್ಮಾನದಿಂದ ನೆಲದ ಮೇಲೆ ಏನು ಬದಲಾಯಿತು ಎಂಬ ಪ್ರಶ್ನೆಗೆ ಎರಡೂ ಕಡೆಯವರಲ್ಲಿ ಸ್ಪಷ್ಟ ಉತ್ತರವಿರಲಿಲ್ಲ. ಕರಡು ಹೋದರೆ ನಿರ್ಬಂಧಗಳೆಲ್ಲ ಹೋದಂತೆಯೇ? ಹಾಗಾದರೆ ಗುಡ್ಡದ ಬದಿಯಲ್ಲಿ ರೆಸಾರ್ಟ್ ಕಟ್ಟಲು ಯಾರ ಅನುಮತಿ ಬೇಕು? ಗ್ರಾಮ ಸಭೆಯ ಠರಾವಿಗೆ ಕಾನೂನಿನ ಬೆಲೆ ಇದೆಯೇ? ಮಳೆಗಾಲ ಬಂದೊಡನೆ ಮನೆ ಬಿಡಿ ಎಂದು ನೋಟಿಸ್ ಕೊಡುವ ಆಡಳಿತ, ಆ ಮನೆಯ ಮೇಲಿನ ಬರೆಯನ್ನು (ಗುಡ್ಡದ ಕಡಿದಾದ ಬದಿಯನ್ನು) ಕಡಿಯುವಾಗ ಎಲ್ಲಿತ್ತು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ದೆಹಲಿ ಮತ್ತು ಬೆಂಗಳೂರಿನ ನಡುವಿನ ಜಗ್ಗಾಟದಿಂದ ಕಣ್ಣು ತೆಗೆದು, ಜಿಲ್ಲೆಯ ಸುಮಾರು ನೂರು ಗ್ರಾಮ ಪಂಚಾಯಿತಿಗಳ ಕಡೆ ನೋಡಬೇಕಾಗುತ್ತದೆ.

ಕರಡಿನಲ್ಲಿ ಇದ್ದದ್ದೇನು

ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿ ಇಡೀ ಪಶ್ಚಿಮ ಘಟ್ಟವನ್ನು ಮೂರು ದರ್ಜೆಯ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಇರಬೇಕೆಂಬ ಅಂತಿಮ ಮಾತನ್ನು ಗ್ರಾಮ ಸಭೆಗಳವರೆಗೆ ಒಯ್ಯಬೇಕೆಂದಿತ್ತು. ಅದಕ್ಕೆ ಬಂದ ವಿರೋಧದ ನಂತರ ಕೆ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ 2013ರಲ್ಲಿ ಬೇರೆ ದಾರಿ ಹಿಡಿಯಿತು. ಉಪಗ್ರಹ ಚಿತ್ರಗಳ ಆಧಾರದ ಮೇಲೆ ಸಹಜ ಕಾಡಿನ ಭೂಭಾಗವನ್ನು ಗುರುತಿಸಿ, ಅಂಥ ಭೂಭಾಗ ಶೇ 20 ಅಥವಾ ಅದಕ್ಕಿಂತ ಹೆಚ್ಚಿರುವ ಗ್ರಾಮಗಳನ್ನು ಇಡಿಯಾಗಿ ಪಟ್ಟಿಗೆ ಸೇರಿಸಿತು. ಈ ಎರಡು ವರದಿಗಳ ನಡುವೆ ಇರುವ ಅಂತರ ಸಣ್ಣದಲ್ಲ. ಮೊದಲನೆಯದರಲ್ಲಿ ಊರಿನವರು ನಿರ್ಧಾರದ ಭಾಗವಾಗಿದ್ದರು. ಎರಡನೆಯದರಲ್ಲಿ ಊರು ಒಂದು ನಕ್ಷೆಯ ಮೇಲಿನ ಘಟಕವಾಯಿತು. ಸಾರ್ವಜನಿಕ ಚರ್ಚೆಯಲ್ಲಿ ಇವೆರಡೂ ಬೆರೆತುಹೋಗಿ, ಒಂದರ ಮೇಲಿನ ಸಿಟ್ಟು ಇನ್ನೊಂದರ ಮೇಲೆ ತಿರುಗಿದ್ದೂ ಉಂಟು.

ಕಸ್ತೂರಿರಂಗನ್ ವರದಿಯನ್ನು ಆಧರಿಸಿದ ಮೊದಲ ಕರಡು ಬಂದದ್ದು 2014ರ ಮಾರ್ಚ್‌ನಲ್ಲಿ. ನಿಗದಿತ ಅವಧಿಯೊಳಗೆ ಅಂತಿಮ ಅಧಿಸೂಚನೆ ಹೊರಬೀಳದಿದ್ದರೆ ಕರಡು ತಾನಾಗಿಯೇ ಬಿದ್ದುಹೋಗುವುದರಿಂದ 2015, 2017, 2018, 2022 ಮತ್ತು 2024ರಲ್ಲಿ ಮತ್ತೆ ಮತ್ತೆ ಹೊರಡಿಸಬೇಕಾಯಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಬರುತ್ತಿತ್ತು. ಕಸ್ತೂರಿರಂಗನ್ ಪಟ್ಟಿಯಲ್ಲಿ ಕೊಡಗಿನ ಗ್ರಾಮಗಳು 55.

ಆ ಗ್ರಾಮಗಳಲ್ಲಿ ಗಣಿಗಾರಿಕೆ, ಕಲ್ಲುಕೋರೆ ಮತ್ತು ಮರಳುಗಾರಿಕೆಗೆ ಪೂರ್ಣ ನಿಷೇಧ, ಹೊಸ ಉಷ್ಣ ವಿದ್ಯುತ್ ಸ್ಥಾವರಕ್ಕೆ ನಿಷೇಧ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯ ಉಂಟುಮಾಡುವ) ಹೊಸ ಕೈಗಾರಿಕೆಗೆ ನಿಷೇಧ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಕ್ಕೆ ನಿಷೇಧ, 50 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಬಡಾವಣೆಗೆ ನಿಷೇಧ. ಕಾಫಿ, ಕಾಳುಮೆಣಸು, ಭತ್ತದ ಬೇಸಾಯವನ್ನು ಕರಡು ನಿಲ್ಲಿಸುತ್ತಿರಲಿಲ್ಲ. ಇರುವ ಮನೆಯ ದುರಸ್ತಿಯನ್ನೂ ಆಸ್ತಿಯ ಕೈಬದಲಾವಣೆಯನ್ನೂ ತಡೆಯುತ್ತಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಗೊಂದಲವನ್ನೂ ಬಿಡಿಸಿಡಬೇಕು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಮತ್ತು ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳ ಸುತ್ತ ಗುರುತಿಸಲಾಗುವ ಪರಿಸರ ಸೂಕ್ಷ್ಮ ವಲಯ ಬೇರೆಯದೇ ವ್ಯವಸ್ಥೆ. ಸಂಪುಟದ ತಿರಸ್ಕಾರದಿಂದ ಅದಕ್ಕೆ ಏನೂ ಆಗಿಲ್ಲ. ಅರಣ್ಯ ಕಾಯ್ದೆ, ಜಲಮಾಲಿನ್ಯ ಕಾಯ್ದೆ, ಜೀವವೈವಿಧ್ಯ ಕಾಯ್ದೆಗಳೂ ಇದ್ದಲ್ಲಿಯೇ ಇವೆ.

ಕರಡಿನ ಬಲೆಗೆ ಬೀಳದ ಬರೆ

ಇಪ್ಪತ್ತು ಸಾವಿರ ಚದರ ಮೀಟರ್ ಎಂದರೆ ಸುಮಾರು ಐದು ಎಕರೆಯಷ್ಟು ಕಟ್ಟಡದ ವಿಸ್ತೀರ್ಣ. ಕೊಡಗಿನ ಗುಡ್ಡದ ಬದಿಗಳಲ್ಲಿ ಎದ್ದಿರುವ ಹೋಂಸ್ಟೇಗಳಲ್ಲಾಗಲಿ ಸಣ್ಣ ರೆಸಾರ್ಟ್‌ಗಳಲ್ಲಾಗಲಿ ಈ ಮಿತಿಯ ಹತ್ತಿರ ಸುಳಿಯುವವು ತೀರಾ ಕಡಿಮೆ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡ ಯೋಜನೆಗೆ ಪರಿಸರ ಅನುಮತಿ ಬೇಕಾಗುವುದೂ ಇದೇ ಮಿತಿಯಿಂದ ಮೇಲಕ್ಕೆ. ಅಂದರೆ ಕರಡು ನಾಳೆಯೇ ಅಂತಿಮಗೊಂಡರೂ, ಒಂದು ಜೆಸಿಬಿ ಎರಡು ದಿನದಲ್ಲಿ ಗುಡ್ಡದ ಬುಡವನ್ನು ಇಪ್ಪತ್ತು ಅಡಿ ನೆಟ್ಟಗೆ ಕಡಿದು ಹತ್ತು ಕೋಣೆಯ ಕಟ್ಟಡಕ್ಕೆ ಸಮತಟ್ಟು ಮಾಡಿದರೆ ಅದು ಕರಡಿನ ವ್ಯಾಪ್ತಿಗೆ ಬರುವುದಿಲ್ಲ.

ಕೊಡಗಿಗೆ ಅಪಾಯ ತಂದಿರುವುದು ಬಹುಪಾಲು ಇಂಥ ಸಣ್ಣ ಕಡಿತಗಳೇ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ, ಮದೆನಾಡು ಸುತ್ತಮುತ್ತ ಗುಡ್ಡಗಳು ಕುಸಿದಾಗ ಮಳೆ ಅಸಾಧಾರಣವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಜೂನ್‌ನಿಂದ ಸುರಿದ ಮಳೆಗೆ ನೆಲ ಆಗಲೇ ನೀರು ಕುಡಿದು ತಣಿದಿತ್ತು. ಅದರ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ವಿಪರೀತ ಮಳೆ ಬಿತ್ತು. ಆದರೂ ಒಂದೇ ಮಳೆಗೆ ಒಂದು ಗುಡ್ಡ ನಿಂತು ಪಕ್ಕದ ಗುಡ್ಡ ಜಾರಿದ್ದೇಕೆ ಎಂಬುದನ್ನು ಮಳೆಯೊಂದೇ ವಿವರಿಸುವುದಿಲ್ಲ. ರಸ್ತೆ, ಮನೆ, ಹೋಂಸ್ಟೇಗಳಿಗಾಗಿ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದದ್ದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅಂದಿನ ಪರಿಶೀಲನೆಯಲ್ಲಿ ಮುಖ್ಯ ಕಾರಣವಾಗಿ ಗುರುತಿಸಿತು.

ಇದರ ಒಳಗುಟ್ಟು ಕಷ್ಟದ್ದೇನಲ್ಲ. ಇಲ್ಲಿನ ಬಂಡೆಯ ಮೇಲೆ ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿದೆ. ಆ ಪದರ ಜಾರದಂತೆ ಹಿಡಿದಿಡುವುದು ಮಣ್ಣಿನ ಕಣಗಳ ನಡುವಿನ ಹಿಡಿತ, ಬೇರುಗಳು ಮತ್ತು ಗುಡ್ಡದ ಬುಡದ ಆಸರೆ. ಮಳೆನೀರು ಒಳಗಿಳಿದು ಕಣಗಳ ನಡುವೆ ತುಂಬಿಕೊಂಡಾಗ ಒತ್ತಡ ಏರಿ ಹಿಡಿತ ಸಡಿಲವಾಗುತ್ತದೆ, ಮಣ್ಣಿನ ತೂಕವೂ ಹೆಚ್ಚುತ್ತದೆ. ಬುಡವನ್ನು ಕಡಿದಿದ್ದರೆ ಆಸರೆ ಮೊದಲೇ ಹೋಗಿರುತ್ತದೆ. ಕಡಿದ ಮಣ್ಣನ್ನು ಪಕ್ಕದ ಕೊಲ್ಲಿಗೆ ತಳ್ಳಿದ್ದರೆ ನೀರಿಗೆ ದಾರಿ ಕಟ್ಟಿ, ಅದು ಗುಡ್ಡದೊಳಕ್ಕೇ ಇಂಗುತ್ತದೆ. ಬರೆ ಕಡಿದವರ ಜಾಗದಲ್ಲೇ ಕುಸಿತ ಆಗಬೇಕೆಂದೂ ಇಲ್ಲ. ಮೇಲಿನ ತೋಟದವರ ಕಾಮಗಾರಿಗೆ ಕೆಳಗಿನ ಲೈನ್‌ಮನೆಯ ತೋಟ ಕಾರ್ಮಿಕರು ಬೆಲೆ ತೆರಬಹುದು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಮತ್ತೆ ಕುಸಿತಗಳಾಗಿ ಜೀವಗಳು ಹೋದವು. ಪ್ರತಿಯೊಂದರ ಕಾರಣಗಳ ಬಗ್ಗೆಯೂ ಭಿನ್ನಾಭಿಪ್ರಾಯಗಳಿವೆ. ಆದರೆ ಕುಸಿತಕ್ಕೆ ಮೊದಲು ಆ ಇಳಿಜಾರಿನಲ್ಲಿ ಏನೇನು ಬದಲಾಗಿತ್ತು ಎಂಬ ದಾಖಲೆ ಊರಿನ ಮಟ್ಟದಲ್ಲಿ ಇಲ್ಲದಿದ್ದಾಗ ಆ ವಾದಗಳು ಬಗೆಹರಿಯುವ ಬಗೆಯೇ ಇಲ್ಲ.

ಹಾಗಾದರೆ ಸಣ್ಣ ಕಡಿತವನ್ನು ನೋಡುವವರು ಯಾರು? ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಲು ಭೂ ಕಂದಾಯ ಕಾಯ್ದೆಯ 95ನೆಯ ಕಲಂ ಪ್ರಕಾರ ಅನುಮತಿ ಕೊಡುವವರು ಜಿಲ್ಲಾಧಿಕಾರಿ. ಕಟ್ಟಡಕ್ಕೆ ಪರವಾನಗಿ ಕೊಡುವುದು, ಪಂಚಾಯತ್ ರಾಜ್ ಕಾಯ್ದೆಯ 64ನೆಯ ಕಲಂ ಪ್ರಕಾರ, ಗ್ರಾಮ ಪಂಚಾಯಿತಿ. ಈ ಎರಡು ಬಾಗಿಲುಗಳನ್ನು ಬಿಟ್ಟರೆ ನಡುವೆ ಬೇರೆ ಕಾವಲು ಇಲ್ಲವೆಂದೇ ಹೇಳಬೇಕು. ಭೂಪರಿವರ್ತನೆ ಆಗಿ ಬಂದ ಜಾಗಕ್ಕೆ ಪಂಚಾಯಿತಿ ಸಾಮಾನ್ಯವಾಗಿ ಕಟ್ಟಡದ ನಕ್ಷೆ, ಕಂದಾಯದ ಕಾಗದ, ಇ-ಸ್ವತ್ತಿನ (ಗಣಕೀಕೃತ ಆಸ್ತಿ ದಾಖಲೆಯ) ನಮೂನೆಗಳನ್ನು ನೋಡುತ್ತದೆ. ಬರೆಯನ್ನು ಎಷ್ಟು ಎತ್ತರಕ್ಕೆ, ಯಾವ ಕೋನದಲ್ಲಿ ಕಡಿಯುತ್ತಾರೆ, ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಮೇಲಿನ ನೀರು ಎಲ್ಲಿಗೆ ಹರಿಯುತ್ತದೆ ಎಂದು ಕೇಳುವ ರೂಢಿ ಬೆಳೆದಿಲ್ಲ. ಕೇಳಿದರೂ ಉತ್ತರವನ್ನು ಪರೀಕ್ಷಿಸಲು ಪಂಚಾಯಿತಿಯಲ್ಲಿ ಎಂಜಿನಿಯರ್ ಇರುವುದಿಲ್ಲ.

ಕಾನೂನು ಕೊಟ್ಟ ಅಧಿಕಾರ, ಕೈಗೆ ಬಾರದ ಸಾಧನ

ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿ ಪಂಚಾಯಿತಿಗಳಿಗೆ 29 ವಿಷಯಗಳನ್ನು ಕಾಣಿಸುತ್ತದೆ. ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ ಮತ್ತು ಜಲಾನಯನ, ಸಾಮಾಜಿಕ ಅರಣ್ಯ, ಕಿರು ಅರಣ್ಯ ಉತ್ಪನ್ನ, ಕುಡಿಯುವ ನೀರು ಎಲ್ಲವೂ ಅದರಲ್ಲಿವೆ. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಕಲಂ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ; ಆ ಸಮಿತಿ ಊರಿನ ಜನರ ಜೊತೆ ಕೂತು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆಯಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಸಿದ್ಧತೆಯ ಹೊಣೆ ಹೊರಿಸುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಂ ಜೇನುಕುರುಬ, ಯರವ ಮೊದಲಾದ ಬುಡಕಟ್ಟು ಸಮುದಾಯಗಳ ಹಾಡಿಯ (ವಸತಿಯ) ಗ್ರಾಮ ಸಭೆಗೆ ತನ್ನ ಕಾಡು, ವನ್ಯಜೀವಿ ಮತ್ತು ಜಲಮೂಲಗಳನ್ನು ಕಾಯುವ ಅಧಿಕಾರ ಕೊಡುತ್ತದೆ.

ಕಾಗದದ ಮೇಲೆ ಇಷ್ಟು ಇದ್ದೂ ಫಲ ಕಾಣದ್ದಕ್ಕೆ ಜೀವವೈವಿಧ್ಯ ಸಮಿತಿಗಳ ಕಥೆಯೇ ಸಾಕ್ಷಿ. ಕಾಯ್ದೆ ಬಂದು ಹದಿನೈದು ವರ್ಷ ಕಳೆದರೂ ದೇಶದ ಬಹುಪಾಲು ಕಡೆ ಸಮಿತಿಗಳಾಗಲಿ ದಾಖಲಾತಿಯಾಗಲಿ ಇಲ್ಲದ್ದನ್ನು ಕಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಿತು. ಗಡುವಿನ ಭಯಕ್ಕೆ ಸಮಿತಿಗಳು ಸಾವಿರಗಟ್ಟಲೆ ಹುಟ್ಟಿಕೊಂಡವು, ದಾಖಲಾತಿಗಳು ಭರ್ತಿಯಾದವು. ಆದರೆ ದಂಡ ತಪ್ಪಿಸಿಕೊಳ್ಳಲು ಬರೆದ ಪುಸ್ತಕವನ್ನು ಊರಿನವರು ತಮ್ಮದೆಂದು ತೆರೆದು ನೋಡುವುದು ಅಪರೂಪ. ಸುಮಾರು 1,200 ದೇವರಕಾಡುಗಳಿರುವ ಕೊಡಗಿನಲ್ಲಿ ಈ ದಾಖಲಾತಿಗೆ ಸಿಗಬಹುದಾಗಿದ್ದ ತಿರುಳು ಬೇರೆಲ್ಲೂ ಸಿಗುವಂಥದ್ದಲ್ಲ. ಪ್ರತಿ ದೇವರಕಾಡಿನ ಗಡಿ ಎಲ್ಲಿದೆ, ಅದರೊಳಗಿನ ಒರತೆ ಯಾವ ತಿಂಗಳವರೆಗೆ ಹರಿಯುತ್ತದೆ, ಯಾವ ಬದಿಯಿಂದ ಒತ್ತುವರಿ ಆಗಿದೆ ಎಂಬುದು ದೇವರ ಕಾರ್ಯ ನಡೆಸುವ ತಕ್ಕಮುಖ್ಯಸ್ಥರಿಗೂ ಊರಿನ ಹಿರಿಯರಿಗೂ ತಿಳಿದಿರುತ್ತದೆ. ಅದನ್ನು ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿದರೆ ಅದೇ ಉಸ್ತುವಾರಿ. ಅದಕ್ಕೆ ಉಪಗ್ರಹವೂ ಬೇಡ, ದೊಡ್ಡ ಅನುದಾನವೂ ಬೇಡ.

ಮಳೆಯ ಲೆಕ್ಕ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ

ಮಳೆಯನ್ನು ಅಳೆಯುವ ವಿಷಯದಲ್ಲಿ ಕೊಡಗಿನಷ್ಟು ಶ್ರೀಮಂತ ಜಿಲ್ಲೆ ವಿರಳ. ಇಲ್ಲಿನ ತೋಟಗಳಲ್ಲಿ ಇಂಚು, ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಪ್ರತಿದಿನದ ಮಳೆ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದಿದೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಯಾವತ್ತು ಎಷ್ಟು ಬಿತ್ತು ಎಂಬುದರ ಮೇಲೆ ವರ್ಷದ ಕಾಫಿ ಫಸಲು ನಿಂತಿರುವುದರಿಂದ ಈ ಪುಸ್ತಕಗಳನ್ನು ಬೆಳೆಗಾರರು ಜೋಪಾನವಾಗಿ ಕಾಪಾಡಿದ್ದಾರೆ. ಇದರ ಜೊತೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಅವು ಕಾಲುಗಂಟೆಗೊಮ್ಮೆ ಬೆಂಗಳೂರಿಗೆ ಅಂಕಿಗಳನ್ನು ಕಳಿಸುತ್ತವೆ.

ಆದರೆ ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ ಕುಶಾಲನಗರಕ್ಕೆ ಬರುವಷ್ಟರಲ್ಲಿ ಐದರಲ್ಲೊಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಒಂದೇ ಪಂಚಾಯಿತಿಯೊಳಗೂ ಗುಡ್ಡದ ಆಚೆಗೂ ಈಚೆಗೂ ಮಳೆ ಬೇರೆ. ಪಂಚಾಯಿತಿಗೊಂದು ಮಾಪಕ ಒಟ್ಟು ಚಿತ್ರಕ್ಕೆ ಸಾಲುತ್ತದೆ, ಇಂಥ ಗುಡ್ಡದ ಕೆಳಗಿನ ಇಷ್ಟು ಮನೆಗಳನ್ನು ಇಂದು ರಾತ್ರಿ ಖಾಲಿ ಮಾಡಿಸಬೇಕೆಂದು ತೀರ್ಮಾನಿಸಲು ಸಾಲುವುದಿಲ್ಲ. ಜಿಲ್ಲೆಗೆಲ್ಲ ಒಂದೇ ರೆಡ್ ಅಲರ್ಟ್ ಘೋಷಿಸಿದಾಗ ಶಾಲೆಗಳಿಗೆ ರಜೆ ಸಿಗುತ್ತದೆ. ಅಪಾಯದಲ್ಲಿರುವವರಿಗೂ ಇಲ್ಲದವರಿಗೂ ಒಂದೇ ಸಂದೇಶ ಹೋಗುವುದರಿಂದ ಕೆಲವು ಬಾರಿ ಹಾಗೆ ಆದ ಮೇಲೆ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಪಕ್ಕದ ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಕೇಂದ್ರ ಎಂಬ ಸಂಶೋಧನಾ ಸಂಸ್ಥೆ ಜಿಲ್ಲೆಯುದ್ದಕ್ಕೂ ಸುಮಾರು 200 ಮಳೆಮಾಪಕಗಳ ಜಾಲ ಕಟ್ಟಿ, ಸ್ಥಳೀಯರಿಂದಲೇ ಅಂಕಿ ಪಡೆದು ಎಚ್ಚರಿಕೆ ಕೊಡುವ ಪದ್ಧತಿ ಬೆಳೆಸಿದೆ. 2024ರ ಜುಲೈನಲ್ಲಿ 48 ಗಂಟೆಗಳಲ್ಲಿ 570 ಮಿಲಿಮೀಟರ್‌ಗೂ ಹೆಚ್ಚು ಮಳೆಯಾದಾಗ ಅಪಾಯದ ಸೂಚನೆಯನ್ನು ಅದು ಮೊದಲೇ ಆಡಳಿತಕ್ಕೆ ತಲುಪಿಸಿತ್ತು. ದುರಂತ ತಪ್ಪಲಿಲ್ಲ. ಅಳತೆ ಸರಿಯಿದ್ದರೆ ಸಾಲದು, ಆ ಅಳತೆಯ ಮೇಲೆ ತಕ್ಷಣ ಕ್ರಮ ಕೈಗೊಳ್ಳುವ ಅಧಿಕಾರ ಸ್ಥಳದಲ್ಲೇ ಇರಬೇಕು ಎಂಬುದನ್ನು ಇದು ಬಹಳ ನೋವಿನಿಂದ ತೋರಿಸಿಕೊಟ್ಟಿದೆ. ಕೊಡಗಿನಲ್ಲಿ ಇದಕ್ಕೆ ಬೇಕಾದ ಅರ್ಧ ಸಾಮಗ್ರಿ ಈಗಾಗಲೇ ತೋಟದ ಬಂಗಲೆಗಳ ಕಪಾಟಿನಲ್ಲಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಅಂಕಿಗಳನ್ನು ಸರ್ವೆ ನಂಬರ್ ಮಟ್ಟದ ಇಳಿಜಾರಿನ ನಕ್ಷೆಯ ಜೊತೆ ಹೊಂದಿಸಿ, ಪಂಚಾಯಿತಿಯ ಪಿಡಿಒ ಮತ್ತು ಅಧ್ಯಕ್ಷರ ಕೈಗೆ ಕನ್ನಡದಲ್ಲಿ ಕೊಡುವ ಕೊಂಡಿಯೊಂದೇ ಇಲ್ಲದಿರುವುದು.

ತೋಡಿನ ನೀರು

ನೀರಿನ ಗುಣಮಟ್ಟದ ವಿಷಯಕ್ಕೆ ಬಂದರೂ ಇದೇ ವಿಂಗಡಣೆ. ಮಾಲಿನ್ಯ ನಿಯಂತ್ರಣ ಮಂಡಳಿ ಕಾವೇರಿಯ ನೀರನ್ನು ಗೊತ್ತುಪಡಿಸಿದ ಸ್ಥಳಗಳಲ್ಲಿ ಪರೀಕ್ಷಿಸುತ್ತದೆ. ಆದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಾಲಿನ್ಯ ಶುರುವಾಗುವುದು ದೊಡ್ಡ ಹೊಳೆಯಲ್ಲಲ್ಲ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಇರುವ ತೋಟದ ಕೆಳಗಿನ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ. ಹಣ್ಣಿನ ಸಿಪ್ಪೆ ಮತ್ತು ಲೋಳೆ ತೊಳೆದ ನೀರಿನಲ್ಲಿ ಸಕ್ಕರೆಯ ಅಂಶ ಹೇರಳ. ಸಂಸ್ಕರಿಸದೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತದೆ. ಡಿಸೆಂಬರ್‌ನಿಂದ ಮುಂದಕ್ಕೆ ತೋಡಿನ ಹರಿವೂ ಇಳಿಯುತ್ತಾ ಹೋಗುವುದರಿಂದ ಕೊಳೆಯನ್ನು ತೆಳುವಾಗಿಸುವ ನೀರೂ ಇರುವುದಿಲ್ಲ. ಗುಂಡಿ ತೋಡಿ ಸಂಸ್ಕರಿಸಿಯೇ ಬಿಡಬೇಕೆಂಬ ನಿಯಮವನ್ನು ಪಾಲಿಸುವ ಬೆಳೆಗಾರರು ಬಹಳ ಮಂದಿ ಇದ್ದಾರೆ. ಪಾಲಿಸದ ಕೆಲವರನ್ನು ಆ ವಾರವೇ ಹಿಡಿಯದಿದ್ದರೆ ದೂರು ಜಿಲ್ಲಾ ಕೇಂದ್ರ ತಲುಪಿ ಅಧಿಕಾರಿ ಬರುವಷ್ಟರಲ್ಲಿ ನೀರು ಹರಿದುಹೋಗಿರುತ್ತದೆ, ಪುರಾವೆಯೂ ಅದರ ಜೊತೆ.

2019ರಲ್ಲಿ ಶುರುವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ಅವರು ನೋಡುವುದು ನಲ್ಲಿಯ ನೀರನ್ನು. ಅದೇ ಮಹಿಳೆಯರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಊರಿನ ಎರಡು ಮೂರು ತೋಡುಗಳ ನೀರನ್ನೂ ವಾರಕ್ಕೊಮ್ಮೆ ನೋಡಿ, ಫಲಿತಾಂಶವನ್ನು ಪಂಚಾಯಿತಿ ಫಲಕದ ಮೇಲೆ ಹಾಕುವ ಕೆಲಸ ಕೊಟ್ಟು ಸರಿಯಾದ ಸಂಭಾವನೆ ಕೊಟ್ಟರೆ ಮಂಡಳಿಗೆ ಎಲ್ಲಿ ಹೋಗಬೇಕೆಂಬುದಾದರೂ ತಿಳಿಯುತ್ತದೆ. ಕಿಟ್‌ನ ಫಲಿತಾಂಶ ನ್ಯಾಯಾಲಯದಲ್ಲಿ ನಿಲ್ಲದಿರಬಹುದು. ಅಧಿಕೃತ ಮಾದರಿ ತೆಗೆಯಲು ಅದು ಕರೆಗಂಟೆಯಾದರೆ ಸಾಕು.

ವಿರೋಧಕ್ಕೂ ಕಾರಣಗಳಿವೆ

ಕೊಡಗಿನಲ್ಲಿ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಇರುವ ವಿರೋಧವನ್ನು ರೆಸಾರ್ಟ್ ಮಾಲೀಕರ ಕೂಗೆಂದು ತಳ್ಳಿಹಾಕುವುದು ಅನ್ಯಾಯ. ಜಮ್ಮಾ (ವಂಶಪಾರಂಪರ್ಯ ಹಿಡುವಳಿ), ಬಾಣೆ (ಗದ್ದೆಗೆ ಹೊಂದಿದ ಮರಗಾಡು) ಜಮೀನುಗಳ ದಾಖಲೆಯ ತೊಡಕು, ಕೃಷಿಗೆ ಯೋಗ್ಯವಲ್ಲವೆಂದು ಸಿ ಮತ್ತು ಡಿ ವರ್ಗಕ್ಕೆ ಸೇರಿಸಿದ ಜಮೀನನ್ನು ಅರಣ್ಯವೆಂದು ಪರಿಗಣಿಸುವ ವಿವಾದ, ತೋಟಕ್ಕೆ ನುಗ್ಗುವ ಆನೆಗಳಿಗೆ ಬಲಿಯಾಗುತ್ತಿರುವ ಕಾರ್ಮಿಕರು, ಇವುಗಳ ನಡುವೆ ಬದುಕುವವರಿಗೆ ಹೊಸದೊಂದು ಅಧಿಸೂಚನೆ ಎಂದರೆ ಅರಣ್ಯ ಇಲಾಖೆಯ ಇನ್ನೊಂದು ಬೇಲಿಯಾಗಿ ಕಾಣುವುದು ಸಹಜ. ಕಲ್ಲು, ಮರಳು ಪೂರ್ತಿ ನಿಂತರೆ ಬಡವರು ಮನೆ ಕಟ್ಟುವುದು ಹೇಗೆಂಬ ಪ್ರಶ್ನೆಯೂ ಪೊಳ್ಳಲ್ಲ. ಗ್ರಾಮದ ಐದನೆಯ ಒಂದು ಭಾಗ ಕಾಡೆಂದು ಉಳಿದ ನಾಲ್ಕು ಭಾಗವನ್ನೂ ಅದೇ ಪಟ್ಟಿಗೆ ಸೇರಿಸಿದ್ದರಲ್ಲಿ ಒರಟುತನವಿದೆ.

ಇನ್ನೊಂದು ಕಡೆ, ರಾಜ್ಯ ಕರಡನ್ನು ತಿರಸ್ಕರಿಸಿತೇ ಹೊರತು ಅದರ ಬದಲಿಗೆ ತನ್ನದೇ ಆದ ಏರ್ಪಾಡನ್ನು ಮುಂದಿಡಲಿಲ್ಲ ಎಂಬ ಪರಿಸರಾಸಕ್ತರ ಆಕ್ಷೇಪಕ್ಕೆ ಉತ್ತರ ಸಿಕ್ಕಿಲ್ಲ. ಘಟ್ಟಕ್ಕೆ ಸಾಮಾನ್ಯ ನಿಯಮ ಒಗ್ಗುವುದಿಲ್ಲ, ಊರಿನವರೇ ಬಲ್ಲರು ಎಂದಾದರೆ ಆ ಊರಿನವರ ಕೈಗೆ ಅಧಿಕಾರವನ್ನೂ ಅಂಕಿ ಅಂಶವನ್ನೂ ಕೊಡಬೇಕಿತ್ತು. ನನ್ನ ದೃಷ್ಟಿಯಲ್ಲಿ ತಿರಸ್ಕಾರದ ಅತಿ ದೊಡ್ಡ ಲೋಪ ಇದೇ.

ಪಂಚಾಯಿತಿಯನ್ನು ನಂಬಬಹುದೇ?

ಮೂರನೆಯ ನಿಲುವೊಂದಿದೆ, ಅದನ್ನು ಬಹಿರಂಗವಾಗಿ ಹೇಳುವವರು ಕಡಿಮೆ. ಪಂಚಾಯಿತಿ ಸದಸ್ಯರಲ್ಲೇ ಹೋಂಸ್ಟೇ ನಡೆಸುವವರಿದ್ದಾರೆ, ಟಿಪ್ಪರ್, ಜೆಸಿಬಿ ಇಟ್ಟವರಿದ್ದಾರೆ. ಪರವಾನಗಿ ಶುಲ್ಕ ಮತ್ತು ತೆರಿಗೆ ಪಂಚಾಯಿತಿಗೆ ಆದಾಯ. ಇಂಥವರ ಕೈಗೆ ಕಾವಲು ಕೊಟ್ಟರೆ ಕಾಯುವವರು ಯಾರು ಎಂಬುದು ಆ ನಿಲುವು. ಈ ಆತಂಕ ನಿಜ.

ಕೇರಳ 2008ರಲ್ಲಿ ತಂದ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಇಲ್ಲಿ ಗಮನಾರ್ಹ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಮುಂದಾಳತ್ವದಲ್ಲಿ ಸ್ಥಳೀಯ ಉಸ್ತುವಾರಿ ಸಮಿತಿ, ಅದರಲ್ಲಿ ಕೃಷಿ ಅಧಿಕಾರಿ, ಗ್ರಾಮಾಧಿಕಾರಿ ಮತ್ತು ರೈತ ಪ್ರತಿನಿಧಿಗಳು. ಯಾವ ಸರ್ವೆ ನಂಬರ್ ಗದ್ದೆ, ಯಾವುದು ಅಲ್ಲ ಎಂಬ ಪಟ್ಟಿ ಸಿದ್ಧಪಡಿಸಿ ಪ್ರಕಟಿಸುವುದು ಅದರ ಕೆಲಸ. ಅಲ್ಲೂ ಒತ್ತಡಗಳು ನಡೆದಿವೆ, 2018ರ ತಿದ್ದುಪಡಿ ಕಾಯ್ದೆಯನ್ನು ಸಡಿಲಗೊಳಿಸಿತೆಂಬ ಟೀಕೆಯೂ ಇದೆ. ಆದರೂ ಪ್ರಕಟಿತ ಪಟ್ಟಿ ಇರುವುದರಿಂದ ಗದ್ದೆಯೊಂದನ್ನು ಮಣ್ಣು ತುಂಬಿ ಮುಚ್ಚುವಾಗ ನೆರೆಯವರು ಪ್ರಶ್ನೆ ಎತ್ತಲು ಆಧಾರ ಸಿಗುತ್ತದೆ. ಕೊಡಗಿನಲ್ಲಿ ಗದ್ದೆಗಳು ಪಾಳುಬಿದ್ದು, ಕೆಲವು ತೋಟವಾಗಿ, ಕೆಲವು ಬಡಾವಣೆಯಾಗಿ ಬದಲಾಗುತ್ತಿವೆ. ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ನೀರನ್ನು ತಡೆದು ನಿಲ್ಲಿಸಿ, ಇಂಗಿಸಿ, ಬೇಸಿಗೆಯಲ್ಲಿ ತೋಡಿಗೆ ಬಿಟ್ಟುಕೊಡುತ್ತಿದ್ದದ್ದು ಆ ಗದ್ದೆಗಳೇ. ಅವು ಹೋದಂತೆ ಆಗಸ್ಟ್‌ನಲ್ಲಿ ಪ್ರವಾಹ ಬೇಗ ಏರುತ್ತದೆ, ಮಾರ್ಚ್‌ನಲ್ಲಿ ಬಾವಿ ಬೇಗ ಬತ್ತುತ್ತದೆ. ಆದರೆ ಯಾವ ಪಂಚಾಯಿತಿಯಲ್ಲಿ ಎಷ್ಟು ಗದ್ದೆ ಉಳಿದಿದೆ ಎಂದು ಊರಿನವರು ನೋಡಬಹುದಾದ, ಕಾನೂನಿನ ಬಲವಿರುವ ಅಂಥ ಪಟ್ಟಿ ನಮ್ಮಲ್ಲಿಲ್ಲ.

ಆದ್ದರಿಂದ ಪಂಚಾಯಿತಿಯ ಮೇಲಿನ ಅಪನಂಬಿಕೆಗೆ ಮದ್ದು ಅಧಿಕಾರವನ್ನು ಮೇಲಕ್ಕೆ ಎಳೆದುಕೊಳ್ಳುವುದಲ್ಲ. ಭೂಪರಿವರ್ತನೆಯ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಬಂದ ದಿನವೇ ಪಂಚಾಯಿತಿ ಫಲಕದಲ್ಲಿ ಕಾಣಬೇಕು. ಬರೆಯ ಎತ್ತರ, ನೀರಿನ ದಾರಿ, ಮಣ್ಣು ಸುರಿಯುವ ಜಾಗ ಇವುಗಳ ಮೇಲೆ ಪಂಚಾಯಿತಿಯ ಲಿಖಿತ ಅಭಿಪ್ರಾಯವಿಲ್ಲದೆ ಆದೇಶ ಹೊರಡಬಾರದು. ಅಭಿಪ್ರಾಯವನ್ನು ಬದಿಗಿಟ್ಟರೆ ಜಿಲ್ಲಾಧಿಕಾರಿಯೂ ಕಾರಣ ಬರೆಯಬೇಕು. ಅರ್ಜಿಯಲ್ಲಿ ಸ್ವಂತ ಹಿತ ಇರುವ ಸದಸ್ಯರು ಆ ನಡಾವಳಿಯಿಂದ ಹೊರಗುಳಿಯಬೇಕು. ಇಳಿಜಾರನ್ನು ಓದಬಲ್ಲ ಒಬ್ಬ ಎಂಜಿನಿಯರನ್ನು ನಾಲ್ಕೈದು ಪಂಚಾಯಿತಿಗಳಿಗೆ ಸೇರಿಸಿ ಕೊಡುವುದು ರಾಜ್ಯಕ್ಕೆ ಭಾರವೇನಲ್ಲ.

ನಡುವಿನ ಮೆಟ್ಟಿಲು

ಹೊಳೆ ಪಂಚಾಯಿತಿ ಗಡಿಯಲ್ಲಿ ನಿಲ್ಲುವುದಿಲ್ಲ. ಮೇಲಿನ ಊರು ಮರಳು ತೆಗೆದರೆ ಕೆಳಗಿನ ಊರಿನ ದಡ ಕೊರೆಯುತ್ತದೆ; ಗುಡ್ಡದ ಮಣ್ಣು ಜಾರಿದರೆ ಹಾರಂಗಿ ಜಲಾಶಯದಲ್ಲಿ ಹೂಳು ಕೂರುತ್ತದೆ. ಇಂಥ ಹೊಂದಾಣಿಕೆಗೆಂದೇ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿರುವುದು. 2016ರಲ್ಲಿ ಚುನಾಯಿತರಾದವರ ಅವಧಿ 2021ರಲ್ಲಿ ಮುಗಿದ ಮೇಲೆ ರಾಜ್ಯದಲ್ಲಿ ಅವು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆದಿವೆ. ಮೀಸಲಾತಿ, ಕ್ಷೇತ್ರ ಪುನರ್ವಿಂಗಡಣೆ, ನ್ಯಾಯಾಲಯದ ಮೊಕದ್ದಮೆ ಎಂದು ಕಾರಣಗಳನ್ನು ಕೊಡಲಾಗಿದೆ. ಪರಿಣಾಮವೆಂದರೆ ಒಂದು ಗ್ರಾಮ ಪಂಚಾಯಿತಿ ತನ್ನ ಗಡಿಯಾಚೆಗಿನ ಸಮಸ್ಯೆಯನ್ನು ಒಯ್ದು ಕೇಳಬಹುದಾದ ಚುನಾಯಿತ ವೇದಿಕೆಯೇ ಇಲ್ಲವಾಯಿತು. ಎಲ್ಲ ದೂರುಗಳೂ ನೇರವಾಗಿ ಜಿಲ್ಲಾಧಿಕಾರಿಯ ಮೇಜಿಗೆ ಹೋಗಿ ರಾಶಿಬೀಳತೊಡಗಿದವು.

ಹೀಗೆಯೇ ಮುಂದುವರಿದರೆ

ಕರಡುಗಳ ಸರಣಿ ಅಂತಿಮ ಅಧಿಸೂಚನೆಯಲ್ಲಿ ಕೊನೆಗೊಳ್ಳದಿದ್ದರೆ ನಿರ್ಧಾರ ನ್ಯಾಯಾಲಯಗಳ ಕಡೆಗೆ ಜಾರುತ್ತದೆ. ನ್ಯಾಯಾಲಯದ ಮುಂದೆ ಬರುವುದು ಒಂದು ದುರಂತ ಮತ್ತು ಒಂದು ಅರ್ಜಿ. ಊರೂರಿನ ವಿವರ ಅದರ ಮುಂದಿರುವುದಿಲ್ಲ. ಹಾಗಾಗಿ ಆದೇಶ ಬಂದರೆ ಅದು ಜಿಲ್ಲೆಗೆಲ್ಲ ಒಂದೇ ಅಳತೆಯಲ್ಲಿ ಬರುವ ಸಾಧ್ಯತೆಯೇ ಹೆಚ್ಚು. ಸ್ಥಳೀಯ ದಾಖಲೆ ಇಲ್ಲದ ಊರಿಗೆ ತನ್ನ ಪರವಾಗಿ ವಾದಿಸಲು ಏನೂ ಇರುವುದಿಲ್ಲ. ಪರಿಸರ ಸೂಕ್ಷ್ಮ ಪ್ರದೇಶವನ್ನು ವಿರೋಧಿಸುವವರು ಪಂಚಾಯಿತಿ ಮಟ್ಟದ ದಾಖಲಾತಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದದ್ದು ಈ ಕಾರಣಕ್ಕೆ.

ಇನ್ನೊಂದು ಪರಿಣಾಮ ಈಗಾಗಲೇ ಕಣ್ಣೆದುರಿಗಿದೆ. ಕರಡಿಗೋಡು, ಗುಹ್ಯ, ಬೆಟ್ಟದಕಾಡಿನ ಹೊಳೆದಡದ ಕುಟುಂಬಗಳಿಗೂ ಬರೆಯ ಕೆಳಗಿನ ಪೈಸಾರಿ (ಸರ್ಕಾರಿ) ಜಾಗದ ಮನೆಗಳಿಗೂ ಮಳೆಗಾಲ ಬಂದಾಗ ಸ್ಥಳಾಂತರದ ನೋಟಿಸ್ ಬರುತ್ತದೆ. 2018ರ ಸಂತ್ರಸ್ತರಿಗೆ ಕರ್ಣಂಗೇರಿ, ಮದೆ, ಜಂಬೂರಿನಲ್ಲಿ ಮನೆಗಳು ಸಿಕ್ಕವು. ಹಕ್ಕುಪತ್ರವೇ ಇಲ್ಲದ ಕೂಲಿ ಕುಟುಂಬಗಳು ಮಾತ್ರ ನೋಟಿಸ್ ಪಡೆದು, ಪರಿಹಾರ ಕೇಂದ್ರಕ್ಕೆ ಹೋಗಿ, ಮಳೆ ನಿಂತ ಮೇಲೆ ಅದೇ ಮನೆಗೆ ಹಿಂತಿರುಗುತ್ತಿವೆ. ಪರ್ಯಾಯ ಜಾಗ ಕೊಡದ ಉಸ್ತುವಾರಿ, ಅಪಾಯದ ಹೊಣೆಯನ್ನು ಬಡವರ ತಲೆಗೇ ಕಟ್ಟುವ ಕಾಗದವಾಗುತ್ತದೆ. ಅಪಾಯದ ನಕ್ಷೆ ತಯಾರಿಸುವ ಪಂಚಾಯಿತಿಯೇ ಸುರಕ್ಷಿತ ಪೈಸಾರಿ ಜಾಗದ ಪಟ್ಟಿಯನ್ನೂ ಮಾಡಿ ಕಂದಾಯ ಇಲಾಖೆಯ ಮುಂದಿಡಬೇಕೆನ್ನುವುದು ಇದಕ್ಕಾಗಿಯೇ.

ಹಣದ ವಿಷಯದಲ್ಲಿ ಒಂದು ಕಾಲದ ಲೆಕ್ಕಾಚಾರವೂ ಇದೆ. 15ನೆಯ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು, ಉಳಿದ ಶೇ 40ರಲ್ಲಷ್ಟೇ ಊರಿನ ಸ್ವಂತ ಆದ್ಯತೆಗೆ ಜಾಗವಿತ್ತು. ಆ ಆದ್ಯತೆ ನಿಗದಿಯಾಗುವುದು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ. ಅದನ್ನು ಸಿದ್ಧಪಡಿಸುವ ಗ್ರಾಮ ಸಭೆಗಳು ಅಕ್ಟೋಬರ್‌ನಿಂದ ಜನವರಿಯವರೆಗೆ ನಡೆಯುತ್ತವೆ. ಬಿರುಕು ಬಿಟ್ಟ ಬರೆ, ದಿಕ್ಕು ಬದಲಿಸಿದ ತೋಡು, ಕಟ್ಟಿಕೊಂಡ ಮೋರಿ ಎಲ್ಲವೂ ಊರಿನವರ ಕಣ್ಣಿಗೆ ಹಸಿಯಾಗಿ ಕಾಣುವ ಕಾಲವೂ ಅದೇ. 2020ರ ಕೊನೆಯಲ್ಲಿ ಆಯ್ಕೆಯಾದ ಸದಸ್ಯರ ಐದು ವರ್ಷದ ಅವಧಿಯ ನಂತರ ಬರುವವರು ತಮ್ಮ ಮೊದಲ ಯೋಜನೆಯಲ್ಲಿ ಈ ಪಟ್ಟಿಗೆ ಜಾಗ ಮಾಡದಿದ್ದರೆ ಅದಕ್ಕೆ ಹಣ ಸಿಗುವುದು ಇನ್ನೊಂದು ಮಳೆಗಾಲ ಕಳೆದು, ಅದರ ಮುಂದಿನ ಏಪ್ರಿಲ್‌ನಲ್ಲಿ.